ಇನ್ನೂರು ಜ್ಯೋತಿರ್ವರ್ಷ ದೂರದ ಇಕ್ಕಳ

ಸತ್ಯ ಹೇಳುವುದಕ್ಕೆ ಸರಿಯಾದ ದೂರ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ತಡವರಿಸುವವನಲ್ಲ. ಇನ್ನೂರು ಜ್ಯೋತಿರ್ವರ್ಷ. ಅದಕ್ಕಿಂತ ಹತ್ತಿರ ನಿಂತು ಹೇಳಿದರೆ ವಕೀಲರ ನೋಟಿಸು ಬರುತ್ತದೆ, ಅದಕ್ಕಿಂತ ದೂರ ಹೋದರೆ ಯಾರಿಗೂ ಕೇಳಿಸುವುದಿಲ್ಲ. ನಮ್ಮ ಬೀದಿಗೆ ಆರು ತಿಂಗಳಿಂದ ಬಸ್ಸಿಲ್ಲ ಎಂದು ಟೀವಿಯಲ್ಲಿ ಹೇಳಿ ನೋಡಿ. ಮರುದಿನ ಚಾನೆಲ್ಲಿನ ಕಾವಲುಗಾರನೇ ನಿಮ್ಮನ್ನು ಗುರುತಿಸುವುದಿಲ್ಲ. ಅದೇ ಮಾತನ್ನು ಮೂರು ಕಣ್ಣಿನ ಹಸಿರು ಮನುಷ್ಯನೊಬ್ಬ, 'ನಮ್ಮ ಉಪಗ್ರಹಕ್ಕೆ ಆರು ಶತಮಾನದಿಂದ ನೌಕೆ ಬಂದಿಲ್ಲ' ಎಂದು ಗದ್ಗದಿತನಾಗಿ ಹೇಳಲಿ, ಪ್ರಶಸ್ತಿ ಕೊಡುತ್ತಾರೆ. ಕೊಡುವುದಕ್ಕೆ ಬಸ್ಸಿನ ಇಲಾಖೆಯವರೇ ಬಂದು, ಕಣ್ಣೊರೆಸಿಕೊಂಡು ಹೋಗುತ್ತಾರೆ.

ಈ ಸಿದ್ಧಾಂತದ ಮೇಲೆ ನಾನು ಹತ್ತೊಂಬತ್ತು ವರ್ಷ ಅನ್ನ ತಿಂದಿದ್ದೇನೆ. (ಅನ್ನ ಎಂಬುದು ಮಾತಿಗೆ. ಉರುಗ್ವೆಯಲ್ಲಿ ನಾವು ತಿನ್ನುವುದು ಮಾಂಸ.) ನನ್ನ ಹೆಸರು ಒದಿಲೋನ್. ಮೊಂತೆವಿದೆಯೋದ ಒಂದು ಬಡ ಚಾನೆಲ್ಲಿಗೆ 'ಹನ್ನೊಂದನೆಯ ಚಂದ್ರ' ಎಂಬ ಆಕಾಶದ ಧಾರಾವಾಹಿ ಬರೆಯುತ್ತೇನೆ. ಬಡ ಎಂದರೆ ಎಷ್ಟು ಬಡ ಎಂದು ಕೇಳಬೇಡಿ. ನಮ್ಮ ಆಕಾಶನೌಕೆಯನ್ನು ಬಟ್ಟೆ ಒಗೆಯುವ ಹಳೆಯ ಯಂತ್ರಗಳಿಂದ ಕಟ್ಟಲಾಗಿದೆ. ಕ್ಯಾಪ್ಟನ್ 'ಹತ್ತಿ' ಎಂದು ಬರೆದ ಗುಂಡಿ ಒತ್ತಿದರೆ ನೌಕೆ ಬೆಳಕಿನ ವೇಗದಲ್ಲಿ ಓಡುತ್ತದೆ, 'ಉಣ್ಣೆ' ಒತ್ತಿದರೆ ನಿಧಾನಕ್ಕೆ ಇಳಿಯುತ್ತದೆ. ಆದರೆ ಆ ನೌಕೆಯಲ್ಲಿ ಕೂತು ನಾನು ಮುಟ್ಟದ ಸಮಸ್ಯೆಯಿಲ್ಲ. ಪಿಂಚಣಿಯ ಗಲಾಟೆ ಎದ್ದಾಗ ಒಂಬೈನೂರು ವರ್ಷ ಬದುಕುವ ಜನರ ಗ್ರಹ ಬರೆದೆ. ಅಲ್ಲಿ ನಿವೃತ್ತಿಯ ವಯಸ್ಸು ಎಂಟುನೂರ ತೊಂಬತ್ತೊಂಬತ್ತು. ಮನೆ ಬಾಡಿಗೆ ಏರಿದಾಗ, ಜನ ತಂತಮ್ಮ ಟೋಪಿಯೊಳಗೆ ಸಂಸಾರ ಮಾಡುವ ಗ್ರಹ ಬರೆದೆ. ಎರಡಕ್ಕೂ ಸರಕಾರದಿಂದ ಒಂದು ಸೊಲ್ಲಿಲ್ಲ. ಅದು ಭಯದ ಲಕ್ಷಣ ಎಂದು ನಾನು ತಿಳಿದುಕೊಂಡಿದ್ದೇನೆ.

ಈ ಸಲ ನನ್ನ ಗುರಿ ಸೇತುವೆಗಳ ಮಂತ್ರಿ. ಆ ಮಹಾಶಯರು ಒಂದೇ ಸೇತುವೆಯನ್ನು ಮೂರು ಸಲ ಉದ್ಘಾಟನೆ ಮಾಡಿದ್ದರು: ಕಟ್ಟುವ ಮುಂಚೆ ಒಂದು ಸಲ, ಕಟ್ಟುವಾಗ ಒಂದು ಸಲ, ಬಣ್ಣ ಬಳಿದ ಮೇಲೆ ಇನ್ನೊಂದು ಸಲ. ಕೆಲಸ ಯಾರದೋ, ಚಪ್ಪಾಳೆ ಅವರಿಗೆ. ಒಂದೇ ಬೈಠಕ್ಕಿನಲ್ಲಿ ನಾನು 'ಅಗ್ನಿಮಹಾಪ್ರಭು' ಎಂಬ ಕಂತು ಬರೆದು ಮುಗಿಸಿದೆ.

ಕಥೆ ಹೀಗೆ. ದೂರದ ಗ್ರಹವೊಂದರಲ್ಲಿ ಅಗ್ನಿಮಹಾಪ್ರಭು ಎಂಬ ಅಧಿಪತಿ. ವಾರಕ್ಕೊಮ್ಮೆ ಬೆಂಕಿಯ ಮುಂದೆ ನಾಲ್ಕು ಗಂಟೆ ನಿಲ್ಲುವುದು ಅವನ ರಾಜಕಾರ್ಯ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ರಾಜದಂಡ. ಆ ದಂಡವನ್ನು ಬೇರೆಯವರು ಮುಟ್ಟಿದರೆ ಗಡಿಪಾರು. ಏನಾದರೂ ಬೇಕಾದರೆ ತಿರುಗಿ ನೋಡುವುದಿಲ್ಲ. ಕೈಯನ್ನು ಹಿಂದಕ್ಕೆ ಚಾಚುತ್ತಾನೆ, ಬೇಕಾದದ್ದು ಕೈಗೆ ಬಂದು ಬೀಳುತ್ತದೆ. ತಂದಿಡುವವರು ತ್ರಿಹಸ್ತರು, ಅಂದರೆ ಮೂರು ಕೈಯ ಪ್ರಜೆಗಳು. (ನಾಲ್ಕನೆಯ ಕೈಗೆ ಚಾನೆಲ್ಲಿನಲ್ಲಿ ರಬ್ಬರ್ ಇರಲಿಲ್ಲ.) ಗೆಡ್ಡೆ ಸುಲಿಯುವವರು, ಸೊಪ್ಪು ತೊಳೆಯುವವರು, ಬೂದಿ ಗುಡಿಸುವವರು ಎಲ್ಲ ಅವರೇ. ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟುವುದು ಅಗ್ನಿಮಹಾಪ್ರಭುವಿಗೆ. ಅವನು ಎದೆಯ ಮೇಲೆ ಕೈಯಿಟ್ಟು, 'ನನ್ನದೇನಿದೆ, ಎಲ್ಲ ಬೆಂಕಿಯ ದಯೆ' ಎನ್ನುತ್ತಾನೆ. ಒಂದು ದಿನ ತ್ರಿಹಸ್ತರು ದಂಗೆ ಏಳುತ್ತಾರೆ. ಯುದ್ಧ ತೋರಿಸುವ ಶಕ್ತಿ ಚಾನೆಲ್ಲಿಗಿಲ್ಲವಾದ್ದರಿಂದ ಅವರು ಸುಮ್ಮನೆ ಕೂತುಬಿಡುತ್ತಾರೆ. ಒಂಬತ್ತು ನಿಮಿಷ ಯಾರೂ ಏನೂ ಮಾಡುವುದಿಲ್ಲ. ಸಾಮ್ರಾಜ್ಯ ಕುಸಿಯುತ್ತದೆ.

ನನ್ನ ಹೆಂಡತಿ ಮಿರ್ತಾ ಮೊದಲ ಪುಟ ಓದಿದಳು.

"ಇದು ಯಾರ ಬಗ್ಗೆ, ಮುದುಕ?" (ಇಲ್ಲಿ ಮುದುಕ ಎಂಬುದು ಪ್ರೀತಿಯ ಮಾತು. ಮದುವೆಯಾದ ಮರುದಿನವೇ ಶುರು ಮಾಡಿದಳು. ಆಗ ನನಗೆ ಇಪ್ಪತ್ತೇಳು.)

"ಸೇತುವೆ ಮಂತ್ರಿ ಬಗ್ಗೆ."

"ಹೂಂ. ಮಂತ್ರಿನ ತುಂಬ ಹತ್ತಿರದಿಂದ ನೋಡಿದೀಯ."

ಅದನ್ನು ನಾನು ಹೊಗಳಿಕೆ ಎಂದೇ ಜೇಬಿಗೆ ಹಾಕಿಕೊಂಡೆ.

ಇನ್ನು ನಮ್ಮ ಮನೆಯ ಭಾನುವಾರದ ವಿಚಾರ. ಭಾನುವಾರ ಅಂದರೆ ಅಸಾದೋ, ಅಂದರೆ ಕೆಂಡದ ಮೇಲೆ ಮಾಂಸ ಸುಟ್ಟು ಮನೆಮಂದಿಯೆಲ್ಲ ಕೂತು ತಿನ್ನುವ ಊಟ. ಹಿತ್ತಲಲ್ಲಿ ಇಟ್ಟಿಗೆಯ ಒಲೆ, ಅದರ ಮೇಲೆ ಇಳಿಜಾರಾದ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಸೌದೆ. ಮೂವತ್ತೊಂದು ವರ್ಷದಿಂದ ಈ ಒಲೆಯ ಇಕ್ಕಳ ನನ್ನ ಕೈಯಲ್ಲಿದೆ. ಬೇರೆ ಯಾರೂ ಅದನ್ನು ಮುಟ್ಟಿಲ್ಲ. ಮಿರ್ತಾಳ ತಮ್ಮ ಎದಿಸನ್ ಅಷ್ಟೂ ವರ್ಷ ನನ್ನ ಪಕ್ಕದಲ್ಲಿ ಲೋಟ ಹಿಡಿದು ನಿಂತು, ಇಕ್ಕಳವನ್ನು ನೋಡುತ್ತ ಜೊಲ್ಲು ನುಂಗಿದ್ದಾನೆ. ನನಗೆ ಪ್ರಶಸ್ತಿಗಳು ಬಂದಿವೆ, ಹೋಗಿವೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಹಲಗೆಯ ಮೇಲೆ ಪಕ್ಕೆಲುಬಿನ ಮಾಂಸ ಹೊತ್ತು ಬರುವಾಗ ಮೇಜಿನ ಸುತ್ತ ಕೂತವರು ನಮ್ಮೂರಿನ ಪದ್ಧತಿಯಂತೆ, "ಒಲೆಯವನಿಗೊಂದು ಚಪ್ಪಾಳೆ" ಎಂದು ತಟ್ಟುತ್ತಾರಲ್ಲ, ಆ ಸದ್ದಿಗಾಗಿ ನಾನು ಸೋಮವಾರದಿಂದ ಶನಿವಾರದವರೆಗೆ ಉಸಿರಾಡುತ್ತೇನೆ. ನಾನಾದರೋ ನಾಚಿಕೊಂಡು, "ನನ್ನದೇನಿದೆ, ಎಲ್ಲ ಮಾಂಸದ ಗುಣ" ಎನ್ನುತ್ತೇನೆ.

(ಜಾಣ ಓದುಗರು ಈಗಾಗಲೇ ನಗುತ್ತಿದ್ದಾರೆ. ನಗಲಿ. ನನಗೆ ಆ ಹೊತ್ತಿಗೆ ಹೊಳೆದಿರಲಿಲ್ಲ. ಕಲೆಗಾರ ಅಂದರೆ ಹಾಗೆಯೇ.)

ಈ ವರ್ಷ ಚಾನೆಲ್ಲಿನವರು ನಮ್ಮ ಧಾರಾವಾಹಿಯನ್ನು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ತಳ್ಳಿದ್ದರು. ನನಗೇನೂ ಬೇಸರವಾಗಲಿಲ್ಲ. ಮಂತ್ರಿಗಳು ಮನೆಯಲ್ಲಿರುವ ಹೊತ್ತು ಎಂದೇ ಖುಷಿಪಟ್ಟೆ. ಆ ಹೊತ್ತಿನಲ್ಲಿ ದೇಶದ ಗಂಡಸರೆಲ್ಲ ಹಿತ್ತಲಲ್ಲಿ ಒಲೆಯ ಮುಂದಿರುತ್ತಾರೆ, ದೇಶದ ಹೆಂಗಸರೆಲ್ಲ ಅಡಿಗೆಮನೆಯಲ್ಲಿ ಟೀವಿ ಹಾಕಿಕೊಂಡು ಆಲೂಗೆಡ್ಡೆ ಸುಲಿಯುತ್ತಿರುತ್ತಾರೆ ಎಂಬ ಸಣ್ಣ ಸಂಗತಿ, ಇಡೀ ಗ್ಯಾಲಕ್ಸಿಯ ಸಾಮಾಜಿಕ ರಚನೆ ಬಲ್ಲ ನನ್ನ ತಲೆಗೆ ಬರಲಿಲ್ಲ.

ಆ ಭಾನುವಾರ ಬೆಂಕಿ ನನ್ನ ಮಾತು ಕೇಳುತ್ತಿತ್ತು. ಅಡಿಗೆಮನೆಯ ಕಿಟಕಿಯಿಂದ ನಮ್ಮ ಧಾರಾವಾಹಿಯ ಸಂಗೀತ ಬಂತು. ಒಳಗೆ ಮಿರ್ತಾ, ನಮ್ಮ ಮಗಳು ಲೊರೆನಾ, ಮತ್ತು ಎಂಬತ್ತೆಂಟು ವರ್ಷದ ನನ್ನ ಅತ್ತೆ ದೋನ್ಯಾ ಔರೇಲಿಯಾ. ಹೊರಗೆ ನಾನು ಮತ್ತು ಎದಿಸನ್.

"ಭಾವ, ಆ ತುಂಡು ತಿರುಗಿಸ್ಬೇಕೇನೋ," ಎಂದ ಎದಿಸನ್.

"ತಿರುಗಿಸೋ ಹೊತ್ತಾದಾಗ ಅದೇ ಹೇಳತ್ತೆ."

"ಯಾರಿಗೆ ಹೇಳತ್ತೆ?"

"ನನಗೆ."

ಅಷ್ಟರಲ್ಲಿ ಕಿಟಕಿಯಿಂದ ಮೊದಲ ನಗು ಬಂತು. ಸಾಧಾರಣ ನಗುವಲ್ಲ, ಪಕ್ಕದ ಮನೆಯ ಪಾರಿವಾಳಗಳು ಹಾರಿಹೋಗುವಂಥ ನಗು. ನಾನು ಲೋಟ ಎತ್ತಿದೆ. "ಕೇಳಿಸ್ತಾ ಎದಿಸನ್? ಮಂತ್ರಿ ಕಥೆ ಮುಗೀತು." ಇನ್ನೊಂದು ನಗು. ಅತ್ತೆಯ ಕೆಮ್ಮು. ಲೊರೆನಾ ಮೇಜು ಗುದ್ದಿದ ಸದ್ದು. ಗೋಡೆಯ ಆಚೆಗಿನ ಮನೆಯ ಅಡಿಗೆಮನೆಯಿಂದಲೂ ನಗು. ಅದರಾಚೆಯ ಮನೆಯಿಂದಲೂ. ಇಡೀ ಬೀದಿ ಮಂತ್ರಿಯನ್ನು ನೋಡಿ ನಗುತ್ತಿತ್ತು. ನಾನು ಮೂರು ಅಂಗುಲ ಎತ್ತರವಾದೆ. ಉಪ್ಪಿಗಾಗಿ ಕೈಯನ್ನು ಹಿಂದಕ್ಕೆ ಚಾಚಿದೆ.

ಉಪ್ಪು ಬರಲಿಲ್ಲ.

ಕೈ ಹಾಗೇ ಚಾಚಿಕೊಂಡು ನಿಂತೆ. ಒಳಗೆ ಚಾಕುಗಳ ಸದ್ದು ನಿಂತಿತ್ತು. ನೀರಿನ ಸದ್ದು ನಿಂತಿತ್ತು. ಮೂವರೂ ಹೊರಗೆ ಬಂದು, ದ್ರಾಕ್ಷಿ ಚಪ್ಪರದ ಕೆಳಗಿನ ಉದ್ದ ಮೇಜಿನ ಸುತ್ತ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಮೇಜಿನ ಮೇಲೆ ಏನೂ ಇರಲಿಲ್ಲ. ಬಟ್ಟೆ ಸಹ ಹಾಸಿರಲಿಲ್ಲ.

"ಹೇಗಿತ್ತು ಕಂತು?" ಎಂದೆ.

"ಬಹಳ ಚೆನ್ನಾಗಿತ್ತು," ಎಂದಳು ಮಿರ್ತಾ. "ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲ ಸಲ ನಂಬೋ ಹಾಗೆ ಬರೆದಿದೀಯ."

"ಮಂತ್ರಿ ಗುರುತು ಸಿಕ್ತಾ?"

"ಯಾವ ಮಂತ್ರಿ ಅಪ್ಪ?" ಎಂದಳು ಲೊರೆನಾ.

"ಅದೇ, ಬೆಂಕಿ ಮುಂದೆ ನಿಂತಿರ್ತಾನಲ್ಲ."

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಓ, ಇವನನ್ನ ಮಂತ್ರಿನೂ ಮಾಡಿದ್ರಾ?"

ಆಗ, ಓದುಗ ಮಹಾಶಯರೇ, ನನ್ನ ಕೈಯಲ್ಲಿದ್ದ ಲೋಟ ನನಗೆ ಕಾಣಿಸಿತು. ಇನ್ನೊಂದು ಕೈಯಲ್ಲಿದ್ದ ಇಕ್ಕಳವೂ ಕಾಣಿಸಿತು. ಆದರೆ ಅನುಭವಿ ಬರಹಗಾರ ಅಷ್ಟಕ್ಕೆಲ್ಲ ಸೋಲುವುದಿಲ್ಲ. "ಮಾಂಸ ಆಯ್ತು. ತಟ್ಟೆ ತನ್ನಿ," ಎಂದೆ ಗಾಂಭೀರ್ಯದಿಂದ.

ಯಾರೂ ಅಲ್ಲಾಡಲಿಲ್ಲ.

"ಮಿರ್ತಾ, ತಟ್ಟೆ."

"ತ್ರಿಹಸ್ತರು ಕೂತಿದಾರೆ ಮುದುಕ. ನೀನೇ ಬರೆದದ್ದು, ಒಂಬತ್ತು ನಿಮಿಷ ಏಳೋ ಹಾಗಿಲ್ಲ."

"ಅದು ಕಥೆ."

"ಅದಕ್ಕೇ ಒಂಬತ್ತೇ ನಿಮಿಷ. ಇಲ್ಲಿ ಟೈಮು ನಮ್ಮದು."

ಸರಿ, ತಟ್ಟೆ ತಾನೆ ಎಂದು ಒಳಗೆ ನುಗ್ಗಿದೆ. ಅಡಿಗೆಮನೆ ಮಧ್ಯದಲ್ಲಿ ಬಿಟ್ಟುಹೋದ ಯುದ್ಧಭೂಮಿಯಂತಿತ್ತು. ಅರ್ಧ ಸುಲಿದ ಆಲೂಗೆಡ್ಡೆಯೊಂದು ಸಿಪ್ಪೆಯನ್ನು ನೇತುಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು. ಹನ್ನೆರಡು ಗ್ರಹಮಂಡಲಗಳ ನಕ್ಷೆ ಕಣ್ಣು ಮುಚ್ಚಿ ಬರೆಯುವ ನನಗೆ ನನ್ನ ಮನೆಯ ತಟ್ಟೆಗಳು ಯಾವ ಕಪಾಟಿನಲ್ಲಿವೆ ಎಂದು ಗೊತ್ತಿರಲಿಲ್ಲ. ಮೊದಲ ಕಪಾಟಿನಲ್ಲಿ ಖಾಲಿ ಸೀಸೆಗಳು. ಎರಡನೆಯದರಲ್ಲಿ ಕ್ರಿಸ್ಮಸ್ಸಿನ ಗೊಂಬೆಗಳು. ಮೂರನೆಯದರಲ್ಲಿ, ನಾಲ್ಕು ವರ್ಷದಿಂದ ಕಳೆದುಹೋಗಿದೆ ಎಂದು ನಾನು ದುಃಖಪಡುತ್ತಿದ್ದ ನನ್ನ ಬೆಳ್ಳಿಯ ಪ್ರಶಸ್ತಿ ಬಟ್ಟಲು. ಅದರ ತುಂಬ ಬೆಳ್ಳುಳ್ಳಿ.

ಅಷ್ಟರಲ್ಲಿ ಹೊಗೆಯ ವಾಸನೆ. ಹೊರಗೆ ಓಡಿ ಬಂದೆ. ಜಾಲರಿಯ ಮೇಲೆ ಕೊಬ್ಬು ಕರಗಿ ಜ್ವಾಲೆ ಎದ್ದಿತ್ತು.

"ಎದಿಸನ್, ತಿರುಗ್ಸೋ ಅದನ್ನ."

"ಮುಟ್ಬೇಡ ಅಂತ ಮೂವತ್ತೊಂದು ವರ್ಷ ಹೇಳಿದೀಯ ಭಾವ. ನಿಯಮ ಅಂದ್ರೆ ನಿಯಮ." ಹೀಗೆಂದು ಅವನು ಕುರ್ಚಿ ಎಳೆದುಕೊಂಡು ಹೋಗಿ ಹೆಂಗಸರ ಸಾಲಿನಲ್ಲಿ ಕೂತ. ಹುಟ್ಟಿದಾಗಿನಿಂದ ಒಂದು ಚಮಚ ಎತ್ತಿಡದ ಆಸಾಮಿ ದುಡಿಯುವ ವರ್ಗದ ಮಧ್ಯೆ ಕೂತು, ಕೈ ಮಡಚಿಕೊಂಡು, ನೊಂದ ಮುಖ ಮಾಡಿದ. ರಾಜಕೀಯದ ಕಂತನ್ನು ಇವನ ಬಗ್ಗೆ ಬರೆಯಬೇಕಿತ್ತು.

ಇಕ್ಕಳ ಹಿಡಿದರೆ ತಟ್ಟೆಯಿಲ್ಲ, ತಟ್ಟೆ ಹುಡುಕಿದರೆ ಮಾಂಸವಿಲ್ಲ. ಎರಡೇ ಕೈಯ ಬಡಪ್ರಾಣಿ ನಾನು. ಮಾತುಕತೆಗೆ ಇಳಿದೆ.

"ಏನು ಬೇಕು ನಿಮಗೆ?"

ಮಿರ್ತಾ ಮೊದಲೇ ತೀರ್ಮಾನಿಸಿಕೊಂಡಿದ್ದಳು. "ಮುಂದಿನ ಭಾನುವಾರ ಇಕ್ಕಳ ನನಗೆ. ಮಿಕ್ಕದ್ದೆಲ್ಲ ನಿನಗೆ."

ಹೊಗೆಯ ನಡುವೆಯೂ ನನ್ನ ಬುದ್ಧಿ ಮಿಂಚಿನಂತೆ ಓಡಿತು. ಬೆಂಕಿಯನ್ನು ಓದಲು ಕಲಿಯುವುದಕ್ಕೆ ನನಗೇ ಮೂವತ್ತೊಂದು ವರ್ಷ ಬೇಕಾಯಿತು. ಇವಳು ಒಂದು ವಾರದಲ್ಲಿ ಏನು ಮಾಡಿಯಾಳು? ಸೊಪ್ಪು ತೊಳೆಯುವುದೆಂದರೆ ನನಗೆ ನಲವತ್ತು ನಿಮಿಷದ ಆಟ.

"ಆಗ್ಲಿ. ಆದರೆ ಮಾಂಸ ಕೆಟ್ರೆ ಇಕ್ಕಳ ನನಗೆ ವಾಪಸ್, ಸಾಯೋವರೆಗೂ. ಮತ್ತೆ ದಂಗೆ ಗಿಂಗೆ ಇಲ್ಲ."

"ಚೆನ್ನಾಗಾದ್ರೆ?"

"ಆಗಲ್ಲ."

"ಆದ್ರೆ?"

"ಆದ್ರೆ ಸಾಯೋವರೆಗೂ ನಿನ್ನದು," ಎಂದೆ. ಸಾಕ್ಷಿಗೆ ಅತ್ತೆ ಇದ್ದರು. ಆ ಕೂಡಲೇ ತಟ್ಟೆಗಳು ಬಂದವು. (ಅವು ಅಡಿಗೆಮನೆಯ ಒಲೆಯ ಮೇಲಿನ ಕಪಾಟಿನಲ್ಲಿದ್ದವು, ನನ್ನ ಮೂಗಿನ ನೇರಕ್ಕೆ.) ಅಂದು ನಾವು ತಿಂದದ್ದನ್ನು ಮಾಂಸ ಎನ್ನುವುದಕ್ಕಿಂತ ಗಣಿಯಿಂದ ಅಗೆದದ್ದು ಎನ್ನಬಹುದು. ನಮ್ಮ ಮನೆಯಲ್ಲಷ್ಟೇ ಅಲ್ಲ, ಒಂದೂವರೆಯ ಹೊತ್ತಿಗೆ ಬೀದಿಯ ಒಂದೊಂದು ಹಿತ್ತಲಿಂದಲೂ ಕರಿಹೊಗೆ ಎದ್ದಿತ್ತು. ಬಂದರಿನಲ್ಲಿ ಹಡಗುಗಳು ಮಂಜೆಂದು ತಿಳಿದು ಕಹಳೆ ಊದಿದವಂತೆ.

ಸೋಮವಾರ ನಿರ್ಮಾಪಕ ಫೋನ್ ಮಾಡಿದ. ಅವನ ದನಿ ಬಾಡಿತ್ತು. ಹಿಂದೆ ಪಾತ್ರೆಗಳ ಸದ್ದು.

"ಒದಿಲೋನ್, ಇಷ್ಟು ಜನ ಯಾವತ್ತೂ ಫೋನ್ ಮಾಡಿಲ್ಲ ಕಣಯ್ಯ. ಎಲ್ಲ ಹೆಂಗಸರು."

"ಮಂತ್ರಿ ಏನಂದ್ರು?"

"ಮಂತ್ರಿ ನೋಡೇ ಇಲ್ಲ. ಒಲೆ ಮುಂದೆ ಇದ್ರಂತೆ. ಅವರ ಹೆಂಡತಿ ನೋಡಿದಾರೆ. ನಿನಗೆ ಹೂಗುಚ್ಛ ಕಳಿಸ್ತಾರಂತೆ. ಇಂಥದ್ದು ಇನ್ನೂ ನಾಲ್ಕು ಕಂತು ಬರೀಬೇಕಂತೆ."

ಒಂದು ಸರಕಾರವನ್ನು ಅಲ್ಲಾಡಿಸಲು ಹೋಗಿ ನಾನು ಅಲ್ಲಾಡಿಸಿದ್ದು ಇಷ್ಟನ್ನು. ಇರಲಿ. ಹೋರಾಟ ಇನ್ನೂ ಮುಗಿದಿರಲಿಲ್ಲ. ಮುಂದಿನ ಭಾನುವಾರ ಇಕ್ಕಳ ನನ್ನ ಕೈಗೆ ಮರಳುವುದು ಸೂರ್ಯೋದಯದಷ್ಟೇ ಖಚಿತವಾಗಿತ್ತು.

ಭಾನುವಾರ ಹತ್ತೂವರೆಗೆ, ನಲವತ್ತು ನಿಮಿಷದ ಕೆಲಸಕ್ಕೆ ಬೇಕಾದಷ್ಟು ಸಮಯವಿದೆ ಎಂದು, 'ಮಾತೆ' ಎಂಬ ನಮ್ಮೂರ ಕಹಿ ಚಹಾ ಹೀರುತ್ತ ಅಡಿಗೆಮನೆಗೆ ಕಾಲಿಟ್ಟೆ. ಆಲೂಗೆಡ್ಡೆ, ಕ್ಯಾರೆಟ್, ಬಟಾಣಿ ಬೇಯಿಸಿ, ಮೊಟ್ಟೆಯೊಡೆದು ಮೇಯನೇಸ್ ಕಡೆದು ರಷ್ಯನ್ ಸಲಾಡ್ ಮಾಡಬೇಕು. ರಷ್ಯದವರು ನಮಗೆ ಏಕೆ ಈ ದ್ರೋಹ ಮಾಡಿದರೋ. ಆಲೂಗೆಡ್ಡೆಯ ಸಿಪ್ಪೆ ತೆಗೆಯುವುದು ಸುಲಭ. ಸಿಪ್ಪೆಯ ಜೊತೆ ಹೋಗದೆ ಆಲೂಗೆಡ್ಡೆ ಉಳಿಯುವಂತೆ ಮಾಡುವುದು ಕಷ್ಟ. ಮುಷ್ಟಿಗಾತ್ರದ್ದು ನನ್ನ ಕೈಯಲ್ಲಿ ಪಗಡೆಯ ದಾಳದಷ್ಟಾಯಿತು. ಲೆಟ್ಯೂಸ್ ಎಲೆಯೊಳಗೆ ಒಂದು ಸಮುದ್ರತೀರಕ್ಕೆ ಸಾಲುವಷ್ಟು ಮರಳು. ಮೇಯನೇಸ್ ಮೂರು ಸಲ ಒಡೆಯಿತು. ನಡುವೆ ಕುರ್ಚಿ ಒರೆಸಬೇಕು, ಮೇಜಿಗೆ ಬಟ್ಟೆ ಹಾಸಬೇಕು, ಬ್ರೆಡ್ ತರಬೇಕು, ಅತ್ತೆಗೆ ಮಾತ್ರೆ ಕೊಡಬೇಕು.

"ಬಿಳೀದು ಊಟಕ್ಕೆ ಮುಂಚೆ ಕಣೋ," ಎಂದರು ಅತ್ತೆ. "ಕೆಂಪುದು ಆಮೇಲೆ. ಬಟಾಣಿ ಯಾಕೆ ಕೊಡ್ತಿದೀಯ?"

ಪ್ರತಿ ಎರಡು ನಿಮಿಷಕ್ಕೊಮ್ಮೆ ನಾನು ಕಿಟಕಿಯಿಂದ ಇಣುಕಿ ಕರಿಹೊಗೆಗಾಗಿ ಕಾಯುತ್ತಿದ್ದೆ. ಹೊಗೆಯಿಲ್ಲ. ಮಿರ್ತಾ ಒಲೆಯ ಮುಂದೆ ನಿಂತೂ ಇರಲಿಲ್ಲ. ಕುರ್ಚಿ ಹಾಕಿಕೊಂಡು ಕೂತು ಪೇಪರ್ ಓದುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಕೈತುಂಬ ಮೊಟ್ಟೆ ಮೆತ್ತಿಕೊಂಡೇ ಹೊರಗೆ ಬಂದೆ. "ಬೆಂಕಿ ಮುಂದೆ ಕೂರ್ತಾರೇನೇ ಯಾರಾದ್ರೂ?"

"ನಿಂತ್ಕೊಂಡ್ರೆ ಮಾಂಸ ಬೇಗ ಬೇಯತ್ತಾ?"

"ಬೆಂಕಿ ಓದ್ಬೇಕು ಮಿರ್ತಾ."

"ಅದನ್ನ ಮುಗಿಸಿದೆ. ಈಗ ಪೇಪರ್ ಓದ್ತಿದೀನಿ." ಹೀಗೆಂದು ಎಡಗೈಯಿಂದ ಸಲಾಕೆ ಎತ್ತಿ, ಕೆಂಡವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಪುಟ ತಿರುಗಿಸಿದಳು. ಆ ಸರಿಸುವಿಕೆಯಲ್ಲಿ ಒಂದು ಪಳಗಿದ ಬೇಸರ ಇತ್ತು. ನನಗೆ ಗಾಬರಿಯಾಯಿತು.

"ಇದನ್ನ ಯಾವಾಗ ಕಲ್ತೆ?"

ಉತ್ತರ ಕೊಟ್ಟವರು ಚಪ್ಪರದ ಕೆಳಗೆ ಕೂತಿದ್ದ ಅತ್ತೆ. "ಅಲ್ಲ ಕಣೋ ಒದಿಲೋನ್, ಪ್ರತಿ ಭಾನುವಾರ ಹನ್ನೆರಡೂವರೆಗೆ ಚಪ್ಪಾಳೆಗೆ ಅಂತ ಷರಟು ಬದಲಾಯಿಸೋಕೆ ಒಳಗೆ ಹೋಗ್ತಿದ್ಯಲ್ಲ, ಕನ್ನಡಿ ಮುಂದೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಮಾಂಸನ ಯಾರು ನೋಡ್ಕೋತಿದ್ರು ಅಂದ್ಕೊಂಡೆ?"

ನಾನು ಎದಿಸನ್ ಕಡೆ ನೋಡಿದೆ. ಅವನು ದ್ರಾಕ್ಷಿ ಬಳ್ಳಿಯನ್ನು ಪರೀಕ್ಷಿಸತೊಡಗಿದ.

"ನಿನಗೂ ಗೊತ್ತಿತ್ತಾ?"

"ನೋಡು ಭಾವ, ನಿನಗೆ ಬೇಜಾರಾಗ್ಬಾರ್ದು ಅಂತ ಮೂವತ್ತೊಂದು ವರ್ಷ ಎಲ್ರೂ ಸೇರಿ ಒಂದು ಗುಟ್ಟು ಕಾಪಾಡಿದೀವಿ. ಅದಕ್ಕೂ ಒಂದು ಬೆಲೆ ಇದೆ."

ಸರಿಯಾಗಿ ಒಂದು ಗಂಟೆಗೆ ಮಿರ್ತಾ ಹಲಗೆ ತಂದಿಟ್ಟಳು. ಪಕ್ಕೆಲುಬು ಹೊರಗೆ ಗರಿಗರಿ, ಒಳಗೆ ನಸುಗೆಂಪು. ನನಗೆ ಗೊತ್ತಿದ್ದ ರುಚಿಯೇ. ನನ್ನದೆಂದು ತಿಳಿದಿದ್ದ ರುಚಿಯೇ. ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದೆ, ಆದರೆ ಬಾಯಲ್ಲಿ ಆಗಲೇ ಎರಡನೆಯ ತುಂಡಿತ್ತು. ಚಪ್ಪಾಳೆ ಶುರು ಮಾಡಿದವನು ಎದಿಸನ್. ಮಿರ್ತಾ ನಾಚಲೂ ಇಲ್ಲ, ಎದೆಯ ಮೇಲೆ ಕೈ ಇಡಲೂ ಇಲ್ಲ. "ಹೌದು, ಚೆನ್ನಾಗಾಗಿದೆ," ಎಂದು ಕೂತು ತಿನ್ನತೊಡಗಿದಳು. ಅಷ್ಟು ಅಹಂಕಾರ ನನಗೆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ.

ಆಮೇಲೆ ಎಲ್ಲರೂ ನನ್ನ ಸಲಾಡಿನ ಕಡೆಗೆ ತಿರುಗಿದರು. ಲೊರೆನಾ ಒಂದು ಚಮಚ ತಿಂದು ನೀರು ಕುಡಿದಳು. ಅತ್ತೆ ಬಹಳ ಹೊತ್ತು ಅಗಿದರು.

"ಈ ಆಲೂಗೆಡ್ಡೆ," ಎಂದರು ಕೊನೆಗೆ, "ಇನ್ನೂ ನೆಟ್ರೆ ಹುಟ್ಟತ್ತೆ."

ಹೀಗೆ ಇಕ್ಕಳ ಹೋಯಿತು. ಸಲಾಡೂ ಹೋಯಿತು, ಅದನ್ನು ಲೊರೆನಾ ವಾಪಸ್ ತೆಗೆದುಕೊಂಡಳು. ನನಗೆ ಉಳಿದದ್ದು ತೊಳೆಯುವ ಖಾತೆ. ಇಲ್ಲಿ ನಾನು ನಿಮಗೊಂದು ಮಾತು ಹೇಳಬೇಕು: ಹತಾಶನಾಗುವ ಜಾತಿ ನನ್ನದಲ್ಲ. ಪಾತ್ರೆ ತೊಳೆಯುತ್ತ ತೊಳೆಯುತ್ತ ನನಗೆ ಈ ಸಮಾಜದ ನಿಜವಾದ ಶೋಷಿತ ಯಾರು ಎಂಬುದು ಹೊಳೆಯಿತು. ಕೈ ಒರೆಸಿಕೊಂಡು ಅಂದೇ ಸಂಜೆ ಬರೆಯಲು ಕೂತೆ. ಈ ಸಲ ಎಚ್ಚರಿಕೆಯಿಂದ ನಾನೂರು ಜ್ಯೋತಿರ್ವರ್ಷ ದೂರ ಹೋದೆ. ಅಲ್ಲೊಂದು ನೊರೆಯ ಗ್ರಹ. ಅದರಲ್ಲೊಬ್ಬ ವೃದ್ಧ ವೀರ. ನೀರಿನಲ್ಲಿ ನೆಂದು ಬೆರಳು ಮುದುರಿದ ಮೌನಿ. ಸಾಮ್ರಾಜ್ಞಿ ಊಟ ಮಾಡಿ ಎದ್ದು ಹೋಗುತ್ತಾಳೆ; ಅವನು, ಯಾರೂ ಹೇಳುವ ಮುಂಚೆಯೇ, ಜಿಡ್ಡು ಹಿಡಿದ ಮಹಾಜಾಲರಿಯನ್ನು ಎತ್ತಿಕೊಂಡು ನದಿಗೆ ನಡೆಯುತ್ತಾನೆ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂತು.

ಮಿರ್ತಾ ನನ್ನ ಹೆಗಲ ಮೇಲಿಂದ ಪೂರ್ತಿ ಓದಿದಳು. ಒಂದು ಪುಟವನ್ನು ಎರಡು ಸಲ ಓದಿದಳು.

"ಹೇಗಿದೆ?" ಎಂದೆ.

"ಚೆನ್ನಾಗಿದೆ ಮುದುಕ. ಇಷ್ಟು ದಿನ ನೀನು ಬರೆದದ್ದೆಲ್ಲ ನಮ್ಮನೆ ಕಥೆ. ಇವತ್ತೇ ಮೊದಲ ಸಲ ನಿಜವಾದ ವೈಜ್ಞಾನಿಕ ಕಲ್ಪನೆಯ ಕಥೆ ಬರೆದಿದೀಯ."

"ಯಾಕೆ?"

ಅವಳು ಕಿಟಕಿಯ ಕಡೆ ಬೊಟ್ಟು ಮಾಡಿದಳು. ಹಿತ್ತಲಲ್ಲಿ, ಆರಿದ ಒಲೆಯ ಮೇಲೆ, ನಮ್ಮ ಜಾಲರಿ ಮಧ್ಯಾಹ್ನದ ಕೊಬ್ಬು ಮೆತ್ತಿಕೊಂಡು ಹಾಗೇ ಕೂತಿತ್ತು.

ತಂತಿಯ ಬ್ರಷ್ಷು ಎಲ್ಲಿದೆ ಎಂದು ಕೇಳಿಕೊಂಡು ನಾನು ಎದ್ದೆ.